ಮಾತ್ರೆ ತಗೊಂಡ್ರಾ ಅಂತ ಕೇಳ್ಬೇಡಿ

(ಬಿಪಿ, ಶುಗರು, ಹಾರ್ಟು, ಅಸ್ತಮಾ ಇಂಥ ಬಹಳ ವರ್ಷದ ಕಾಯಿಲೆ ಇರೋರನ್ನ ನೋಡ್ಕೊಳ್ಳೋ ಮನೆಯವರು, ಒಂದಷ್ಟು ನರ್ಸ್‌ಗಳು, ಫಾರ್ಮಸಿ ಓದ್ತಿರೋ ಮಕ್ಕಳು ಸೇರಿದ್ದ ಸಭೇಲಿ ನಾನು ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದ್ದೀನಿ. ಎಳೆದಾಡಿದ ಕಡೆ ಸ್ವಲ್ಪ ಕತ್ತರಿಸಿದ್ದೀನಿ, ಉಳಿದಿದ್ದು ಮಾತಾಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳ್ತಿದೆಯಾ? ಸರಿ.

ನಾನು ಫಾರ್ಮಸಿಸ್ಟು. ಕೌಂಟರ್ ಹಿಂದೆ ನಿಂತ್ಕೊಂಡು "ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ" ಅಂತ ಎಷ್ಟು ಸಾವಿರ ಸಲ ಹೇಳಿದ್ದೀನೋ ಲೆಕ್ಕ ಇಟ್ಟಿಲ್ಲ, ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಅದು ನಮ್ಮನೇದೇ ಕಥೆ, ಅಲ್ಲಿಂದಲೇ ಶುರು ಮಾಡ್ತೀನಿ.

ನಮ್ಮಪ್ಪಂಗೆ ಬಿಪಿ. ಮೊದಲು ಎರಡು ಮಾತ್ರೆ ಇತ್ತು. ಚೆಕಪ್‌ಗೆ ಹೋದಾಗೆಲ್ಲ ಮೇಲಿನ ನಂಬರ್ 160ಕ್ಕಿಂತ ಕೆಳಗೆ ಇಳೀತಾನೇ ಇರ್ಲಿಲ್ಲ, ಡಾಕ್ಟ್ರು ಒಂದ್ಸಲ ಡೋಸ್ ಜಾಸ್ತಿ ಮಾಡಿದ್ರು, ಇನ್ನೊಂದ್ಸಲ ಮೂರನೇ ಮಾತ್ರೆ ಸೇರಿಸಿದ್ರು, ಆಮೇಲೆ ನಾಲ್ಕನೇದು. ನಾನು ದಿನಾ ರಾತ್ರಿ ಫೋನ್ ಮಾಡಿ "ಅಪ್ಪಾ, ಮಾತ್ರೆ ತಗೊಂಡ್ರಾ?" ಅಂತ ಕೇಳ್ತಿದ್ದೆ, ಅವರು "ಹೂಂ" ಅಂತಿದ್ರು. ನಾನು ನೆಮ್ಮದಿಯಾಗಿ ಮಲಗ್ತಿದ್ದೆ.

ಹೀಗಿರುವಾಗ ಒಂದ್ಸಲ ಜ್ವರ ಜಾಸ್ತಿ ಆಗಿ ಅಡ್ಮಿಟ್ ಮಾಡಿದ್ವಿ. ಆಸ್ಪತ್ರೇಲಿ ಗೊತ್ತಲ್ಲ, ನರ್ಸು ಚಾರ್ಟ್ ನೋಡ್ಕೊಂಡು ಟೈಮಿಗೆ ಸರಿಯಾಗಿ ಬಂದು, ಮಾತ್ರೆ ಕೈಗಿಟ್ಟು, ನುಂಗೋ ತನಕ ಪಕ್ಕದಲ್ಲೇ ನಿಂತಿರ್ತಾರೆ. ಮೂರನೇ ದಿನ ಬೆಳಿಗ್ಗೆ ಅಪ್ಪ ಬಾತ್‌ರೂಮಿಗೆ ಅಂತ ಎದ್ದೋರು ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದ್ರು. ಬಿಪಿ ನೋಡಿದ್ರೆ 90/50. ಮೂಳೆ ಮುರೀಲಿಲ್ಲ, ಪುಣ್ಯ.

ಎಲ್ಲರೂ ಜ್ವರದಿಂದ ಅಂದ್ರು. ಜ್ವರದ ಪಾಲೂ ಇತ್ತು ಅನ್ನಿ. ಆದ್ರೆ ನಂಗೆ ಅನುಮಾನ ಹೋಗ್ಲಿಲ್ಲ, ಮನೆಗೆ ಹೋಗಿ ಅವರ ಬೀರು ತೆಗೆದು ನೋಡಿದೆ. ಮಡಚಿಟ್ಟ ಶರ್ಟುಗಳ ಕೆಳಗೆ ಒಂದು ಹಳೇ ತಗಡಿನ ಡಬ್ಬಿ. ಅದರೊಳಗೆ ನೀರಿನ ಮಾತ್ರೆ ಅಂತೀವಲ್ಲ, ಮೂತ್ರ ಜಾಸ್ತಿ ಹೋಗೋ ಹಾಗೆ ಮಾಡಿ ಬಿಪಿ ಇಳಿಸೋದು, ಅದರ ಸ್ಟ್ರಿಪ್‌ಗಳು ಒಂದರ ಮೇಲೊಂದು ಹಂಗೇ ಇವೆ, ಹತ್ತರ ಸ್ಟ್ರಿಪ್ಪಲ್ಲಿ ಎರಡೋ ಮೂರೋ ಮಾತ್ರ ಖಾಲಿ. ಇನ್ನೊಂದು ಮಾತ್ರೆ ಅರ್ಧರ್ಧ ಮುರಿದಿದ್ದು, ಆ ಅರ್ಧ ಚೂರುಗಳನ್ನೆಲ್ಲ ಒಂದು ಕಾಗದದ ಪೊಟ್ಟಣದಲ್ಲಿ ನೀಟಾಗಿ ಕಟ್ಟಿಟ್ಟಿದ್ರು, ಬಿಸಾಕೋಕೆ ಮನಸ್ಸಾಗಿಲ್ಲ ಪಾಪ. (ಸಭೇಲಿ ನಗು.) ನಗ್ತಿದ್ದೀರಲ್ಲ, ನಿಮ್ಮನೇಲೂ ಒಂದು ಡಬ್ಬಿ ಇರತ್ತೆ ಹುಡುಕಿ.

ಅಂದ್ರೆ ಆಗಿದ್ದು ಇಷ್ಟು. ಅಪ್ಪ ನಾಲ್ಕರಲ್ಲಿ ಎರಡನ್ನ ಸರಿಯಾಗಿ ತಗೋತಿದ್ರು, ಒಂದನ್ನ ಅರ್ಧ, ಒಂದನ್ನ ಮನಸ್ಸು ಬಂದಾಗ. ಬಿಪಿ ಇಳೀತಿಲ್ಲ ಅಂತ ಡಾಕ್ಟ್ರು ಏರಿಸ್ತಾ ಹೋದ್ರು, ಅವರು ನಾಲ್ಕೂ ತಗೊಳ್ಳೋ ಮನುಷ್ಯಂಗೆ ಬರೀತಿದ್ರು. ಆಸ್ಪತ್ರೇಲಿ ಆ ನಾಲ್ಕೂ ಮೊದಲನೇ ಸಲ ಒಟ್ಟಿಗೆ ಹೊಟ್ಟೆಗೆ ಹೋಯ್ತು.

ಬಿಟ್ಟ ಮಾತ್ರೆಯಿಂದ ಆಗೋ ತೊಂದರೆ ಎಲ್ಲರಿಗೂ ಗೊತ್ತು, ಕಾಯಿಲೆ ಏರತ್ತೆ ಅಂತ. ಆದ್ರೆ ಬಿಟ್ಟಿದ್ದನ್ನ ಹೇಳದೇ ಇರೋದ್ರಿಂದ ಆಗೋ ತೊಂದರೆ ಇನ್ನೂ ದೊಡ್ಡದು ಅಂತ ನಾನು ಹೇಳ್ತೀನಿ, ಯಾಕಂದ್ರೆ ಆಗ ಡಾಕ್ಟ್ರು ಕಣ್ಣಿಗೆ ಬಟ್ಟೆ ಕಟ್ಕೊಂಡು ಚೀಟಿ ಬರೆದ ಹಾಗೆ.

ಅಪ್ಪನ್ನ ಕೇಳಿದೆ. ಬೈಯೋಣ ಅಂತಾನೇ ಹೋಗಿದ್ದೆ, ಆದ್ರೆ ಅವರು ಮಂಚದ ಮೇಲೆ ಮೊಣಕಾಲು ನೀವ್ಕೊಂಡು ಕೂತಿದ್ದು ನೋಡಿ ಬಾಯಿ ಬರ್ಲಿಲ್ಲ. ನೀರಿನ ಮಾತ್ರೆ ಯಾಕೆ ಬಿಟ್ರಿ ಅಂದ್ರೆ, "ಬೆಳಿಗ್ಗೆ ಅದನ್ನ ನುಂಗಿ ಹೊರಗೆ ಹೋದ್ರೆ ಅರ್ಧ ಗಂಟೆಗೊಂದ್ಸಲ ಹೋಗ್ಬೇಕು. ಬಸ್ಸಲ್ಲಿ ಕೂತಿರ್ತೀನಿ, ಏನ್ ಮಾಡ್ಲಿ? ಮನೇಲಿರೋ ದಿನ ತಗೋತೀನಿ" ಅಂದ್ರು. ಅರ್ಧ ಮಾಡಿದ್ದು ಅಮ್ಲೋಡಿಪಿನ್. ಅದರಿಂದ ಕಾಲು ಊದಿಕೊಂಡಿತ್ತು, ಅದು ಆ ಮಾತ್ರೆಗೆ ಇರೋ ಮಾಮೂಲಿ ಸೈಡ್ ಎಫೆಕ್ಟು, ಆದ್ರೆ ಅಪ್ಪ ಕಿಡ್ನಿ ಹೋಗ್ತಿದೆ ಅಂದ್ಕೊಂಡಿದ್ರು. ಯಾರಿಗೂ ಹೇಳಿಲ್ಲ. "ಹೇಳಿದ್ರೆ ಇನ್ನೊಂದು ಮಾತ್ರೆ ಬರೀತಾರೆ" ಅಂದ್ರು.

ಮತ್ತೆ ನಾನು ದಿನಾ ಫೋನ್ ಮಾಡಿ ಕೇಳ್ತಿದ್ನಲ್ಲ ಅಪ್ಪಾ ಅಂದೆ. ಅವರು ಹೇಳಿದ್ದು: "ನೀನು ತಗೊಂಡ್ರಾ ಅಂತಿದ್ದೆ, ನಾನು ಹೂಂ ಅಂತಿದ್ದೆ. ಯಾವ್ದು ಎಷ್ಟು ಅಂತ ನೀನು ಕೇಳ್ಲಿಲ್ಲವಲ್ಲ."

ನನ್ನ ಇಷ್ಟು ವರ್ಷದ ಸರ್ವೀಸಲ್ಲಿ ಇಂಥ ಪಾಠ ಇನ್ಯಾರೂ ಮಾಡಿಲ್ಲ. ಇವತ್ತು ನಾನು ಹೇಳೋಕೆ ಬಂದಿರೋದೂ ಅಷ್ಟೇ. ಯಾಕೆ ಬಿಟ್ರು ಅಂತ ಗೊತ್ತಾಗೋ ತನಕ ಡಬ್ಬಿ, ಅಲಾರಂ, ಆ್ಯಪು, ಬುದ್ಧಿವಾದ ಯಾವ್ದೂ ತರಬೇಡಿ.

ಇದು ನಮ್ಮಪ್ಪ ಒಬ್ಬರ ಕಥೆ ಅಂದ್ಕೋಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಇದರ ಮೇಲೇ ಒಂದು ದೊಡ್ಡ ವರದಿ ತಂತು, ಮುಂದುವರಿದ ದೇಶಗಳಲ್ಲೇ ದೀರ್ಘಕಾಲದ ಕಾಯಿಲೆ ಇರೋರಲ್ಲಿ ಸರಾಸರಿ 50 ಪರ್ಸೆಂಟ್ ಜನ ಮಾತ್ರ ಹೇಳಿದ ಹಾಗೆ ಔಷಧಿ ತಗೋತಾರೆ ಅಂತ. ಅರ್ಧಕ್ಕರ್ಧ. ಇದು ಹೊಸದೂ ಅಲ್ಲ, ಎರಡು ಸಾವಿರ ವರ್ಷಕ್ಕಿಂತ ಹಿಂದಿನ ಗ್ರೀಕ್ ವೈದ್ಯ ಹಿಪೊಕ್ರೆಟಿಸ್ ಹೆಸರಲ್ಲಿರೋ ಬರಹದಲ್ಲೇ ವೈದ್ಯರಿಗೆ ಎಚ್ಚರಿಕೆ ಇದೆ, ಕೊಟ್ಟಿದ್ದನ್ನ ತಗೊಂಡ್ವಿ ಅಂತ ರೋಗಿಗಳು ಸುಳ್ಳು ಹೇಳ್ತಾರೆ, ಹುಷಾರು ಅಂತ. ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ (ಸರ್ಜನ್ ಜನರಲ್) ಆಗಿದ್ದ ಎವರೆಟ್ ಕೂಪ್ ಅವರ ಒಂದು ಮಾತನ್ನ ನಮ್ಮ ಫೀಲ್ಡಲ್ಲಿ ಎಲ್ಲರೂ ಹೇಳ್ತಾರೆ: ತಗೊಳ್ಳದೇ ಇರೋರಿಗೆ ಔಷಧಿ ಕೆಲಸ ಮಾಡಲ್ಲ. ಕೇಳೋಕೆ ಎಷ್ಟು ಸಿಂಪಲ್ಲು ನೋಡಿ, ಆದ್ರೆ ಲ್ಯಾಬ್ ರಿಪೋರ್ಟ್ ಕೆಟ್ಟು ಬಂದ ತಕ್ಷಣ ಎಲ್ಲರೂ ಮೊದಲು ನೋಡೋದು ಡೋಸನ್ನ.

ಸರಿ, ಯಾಕೆ ಬಿಡ್ತಾರೆ? ಮರೆವು ಅಂತ ಎಲ್ಲರೂ ಹೇಳ್ತಾರೆ. ಮರೆವು ಇದೆ, ಇಲ್ಲ ಅನ್ನಲ್ಲ. ಆದ್ರೆ ಕೌಂಟರಲ್ಲಿ "ಮರ್ತೋಯ್ತು" ಅನ್ನೋದು ಒಂದು ಮರ್ಯಾದೆಯ ಉತ್ತರ. ಭಯ ಆಯ್ತು ಅನ್ನೋದಕ್ಕಿಂತ, ದುಡ್ಡಿರ್ಲಿಲ್ಲ ಅನ್ನೋದಕ್ಕಿಂತ, ನಿಮ್ಮ ಮೇಲೆ ನಂಬಿಕೆ ಇಲ್ಲ ಅನ್ನೋದಕ್ಕಿಂತ ಮರ್ತೆ ಅನ್ನೋದು ಸುಲಭ.

ಬ್ರಿಟನ್ನಿನಲ್ಲಿ ರಾಬ್ ಹಾರ್ನ್ ಅಂತ ಒಬ್ಬರು ಪ್ರೊಫೆಸರ್, ಇದನ್ನ ಚೆನ್ನಾಗಿ ವಿವರಿಸಿದ್ದಾರೆ. ಪ್ರತಿ ರೋಗಿಯ ತಲೇಲಿ ಒಂದು ತಕ್ಕಡಿ ಇರತ್ತೆ ಅಂದ್ಕೊಳ್ಳಿ. ಒಂದು ತಟ್ಟೇಲಿ "ಇದು ನಂಗೆ ಬೇಕೇ ಬೇಕಾ?", ಇನ್ನೊಂದ್ರಲ್ಲಿ "ಇದ್ರಿಂದ ನಂಗೇನಾದ್ರೂ ಆಗತ್ತಾ?". ಹಲ್ಲುನೋವಿಗೆ ಮಾತ್ರೆ ಕೊಟ್ರೆ ಯಾರಾದ್ರೂ ಮರೀತಾರಾ? ಇಲ್ಲ, ಟೈಮ್ ನೋಡ್ಕೊಂಡು ಕಾಯ್ತಿರ್ತಾರೆ, ಯಾಕಂದ್ರೆ ನೋವು ಕೂಗಿ ಹೇಳ್ತಿರತ್ತೆ. ಬಿಪಿ ಹಾಗಲ್ಲ, ಕೊಲೆಸ್ಟ್ರಾಲ್ ಹಾಗಲ್ಲ, ಶುರುವಿನ ಶುಗರ್ರೂ ಹಾಗಲ್ಲ, ಇವು ಮೌನವಾಗಿರೋ ಕಾಯಿಲೆಗಳು. ಮನುಷ್ಯ ಚೆನ್ನಾಗೇ ಇದ್ದಾನೆ, ಮಾತ್ರೆ ತಗೊಂಡ್ಮೇಲೆ ಕಾಲು ಊದ್ತು, ಕೆಮ್ಮು ಬಂತು, ಹೊಟ್ಟೆ ಕೆಟ್ಟಿತು. ಅವನ ಲೆಕ್ಕದಲ್ಲಿ ಕಾಯಿಲೆ ಅಂದ್ರೆ ಮಾತ್ರೇನೇ. ಬಿಟ್ಟ ಕೂಡ್ಲೇ ಹುಷಾರಾದ. ಅವನ ತಕ್ಕಡಿಯಿಂದ ನೋಡಿದ್ರೆ ಅವನು ಮಾಡಿದ್ದು ಬುದ್ಧಿವಂತರ ಕೆಲಸ! ಇದನ್ನ ಒಪ್ಪಿಕೊಳ್ಳದೇ ಅವನ ಹತ್ರ ಮಾತಾಡೋಕೆ ಹೋದ್ರೆ ಗೋಡೆ ಹತ್ರ ಮಾತಾಡಿದ ಹಾಗೆ.

ಸೈಡ್ ಎಫೆಕ್ಟ್ ಬಗ್ಗೆ ಒಂದು ಸ್ಟಡಿ ಹೇಳ್ಲೇಬೇಕು, ನಂಗೆ ತುಂಬಾ ಇಷ್ಟವಾದದ್ದು. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಮಾಡಿದ್ದು, ಸ್ಯಾಮ್ಸನ್ ಅಂತ ಹೆಸರು, 2020ರಲ್ಲಿ ಬಂತು. ಕೊಲೆಸ್ಟ್ರಾಲಿಗೆ ಸ್ಟ್ಯಾಟಿನ್ ಕೊಡ್ತಾರಲ್ಲ, ಅದನ್ನ ಶುರು ಮಾಡಿ ಎರಡೇ ವಾರದೊಳಗೆ ಮೈಕೈ ನೋವು, ಸುಸ್ತು, ತಡ್ಕೊಳ್ಳೋಕಾಗಲ್ಲ ಅಂತ ಬಿಟ್ಟಿದ್ದ 60 ಜನರನ್ನ ತಗೊಂಡ್ರು. ಒಬ್ಬೊಬ್ಬರಿಗೂ 12 ಬಾಟಲಿ, ತಿಂಗಳಿಗೊಂದು. ನಾಲ್ಕರಲ್ಲಿ ನಿಜವಾದ ಸ್ಟ್ಯಾಟಿನ್, ನಾಲ್ಕರಲ್ಲಿ ನೋಡೋಕೆ ಹಾಗೇ ಇರೋ ಔಷಧಿಯೇ ಇಲ್ಲದ ಸಪ್ಪೆ ಮಾತ್ರೆ, ಇನ್ನು ನಾಲ್ಕು ಪೂರ್ತಿ ಖಾಲಿ. ಮಾತ್ರೆ ಇರೋ ತಿಂಗಳಲ್ಲಿ ಅದು ಯಾವ್ದು ಅಂತ ಅವರಿಗೆ ಗೊತ್ತಿಲ್ಲ. ದಿನಾ ಫೋನಲ್ಲಿ ಇವತ್ತು ಎಷ್ಟು ತೊಂದರೆ ಅಂತ 0ಯಿಂದ 100ರೊಳಗೆ ಒಂದು ನಂಬರ್ ಹಾಕ್ಬೇಕು. ವರ್ಷ ಮುಗಿದ್ಮೇಲೆ ತೆಗೆದು ನೋಡಿದ್ರೆ, ಖಾಲಿ ಬಾಟಲಿ ತಿಂಗಳಲ್ಲಿ ಸರಾಸರಿ 8, ಸ್ಟ್ಯಾಟಿನ್ ತಿಂಗಳಲ್ಲಿ 16.3, ಸಪ್ಪೆ ಮಾತ್ರೆ ತಿಂಗಳಲ್ಲಿ 15.4. ಹತ್ರಹತ್ರ ಒಂದೇ! ಅಂದ್ರೆ ನೋವಿನ ಹತ್ತರಲ್ಲಿ ಒಂಬತ್ತು ಪಾಲು ಬಂದಿದ್ದು ಮಾತ್ರೆ ನುಂಗಿದ್ದೀನಿ ಅನ್ನೋದ್ರಿಂದ, ಒಳಗಿನ ಔಷಧಿಯಿಂದಲ್ಲ.

ಈಗ ಇದನ್ನ ಕೇಳಿ ಮನೆಗೆ ಹೋಗಿ "ನೋಡಿ, ನಿಮ್ಮದೆಲ್ಲ ಬರೀ ಭ್ರಮೆ" ಅಂದ್ಬಿಟ್ಟೀರಾ, ದಯವಿಟ್ಟು ಬೇಡ. ಆ ನೋವು ನಿಜವಾದ ನೋವೇ, ಅವರಿಗೆ ಕಾಲು ಎತ್ತೋಕೆ ಆಗ್ತಿರ್ಲಿಲ್ಲ. ಸ್ಟಡಿಯವರು ಮಾಡಿದ್ದೇನು ಅಂದ್ರೆ ಬುದ್ಧಿ ಹೇಳ್ಲಿಲ್ಲ, ಅವರವರು ಹಾಕಿದ್ದ ನಂಬರ್‌ನ ಗ್ರಾಫ್ ಅವರವರಿಗೇ ತೋರಿಸಿದ್ರು. ಆರು ತಿಂಗಳಾದ್ಮೇಲೆ ನೋಡಿದ್ರೆ ಅರ್ಧದಷ್ಟು ಜನ ತಾವಾಗೇ ಸ್ಟ್ಯಾಟಿನ್ ಮತ್ತೆ ಶುರು ಮಾಡಿದ್ರು. ಮತ್ತೆ ಸ್ಟ್ಯಾಟಿನ್‌ನಿಂದ ನಿಜವಾದ ಸ್ನಾಯು ತೊಂದರೇನೂ ಅಪರೂಪಕ್ಕೆ ಆಗತ್ತೆ, ಮೈಕೈ ಸಿಕ್ಕಾಪಟ್ಟೆ ನೋವು, ಮೂತ್ರ ಕಪ್ಪು ಬಣ್ಣಕ್ಕೆ ತಿರುಗಿದ್ರೆ ಅವತ್ತೇ ಡಾಕ್ಟ್ರ ಹತ್ರ ಹೋಗ್ಬೇಕು, ಅದರಲ್ಲಿ ಎರಡು ಮಾತಿಲ್ಲ.

ಇನ್ನು ಕೆಲವು ಸೈಡ್ ಎಫೆಕ್ಟಿಗೆ ಪರಿಹಾರ ರೆಡಿ ಇರತ್ತೆ, ಹೇಳೋರಿಲ್ಲದೇ ಜನ ಒದ್ದಾಡ್ತಾರೆ. ರಾಮಿಪ್ರಿಲ್, ಎನಾಲಾಪ್ರಿಲ್ ಗುಂಪಿನ ಬಿಪಿ ಮಾತ್ರೆಯಿಂದ ಕೆಲವರಿಗೆ ಒಣ ಕೆಮ್ಮು ಬರತ್ತೆ, ಕೆಮ್ಮಿನ ಸಿರಪ್ ಎಷ್ಟು ಕುಡಿದ್ರೂ ಹೋಗಲ್ಲ, ಲೊಸಾರ್ಟನ್, ಟೆಲ್ಮಿಸಾರ್ಟನ್ ಗುಂಪಿಗೆ ಬದಲಾಯಿಸಿದ್ರೆ ಸಾಮಾನ್ಯವಾಗಿ ನಿಲ್ಲತ್ತೆ. ಶುಗರಿಗೆ ಕೊಡೋ ಮೆಟ್‌ಫಾರ್ಮಿನ್ ಹೊಟ್ಟೆ ಕೆಡಿಸಿದ್ರೆ ಊಟದ ಜೊತೆ ತಗೊಳ್ಳೋದು, ಕಮ್ಮಿ ಡೋಸಿಂದ ನಿಧಾನಕ್ಕೆ ಏರಿಸೋದು, ಇಲ್ಲಾ ನಿಧಾನವಾಗಿ ಕರಗೋ ಮಾತ್ರೆಗೆ ಹೋಗೋದು. ಅಸ್ತಮಾದ ಸ್ಟೀರಾಯ್ಡ್ ಇನ್ಹೇಲರ್ ಎಳೆದ್ಮೇಲೆ ಬಾಯಿ ಮುಕ್ಕಳಿಸಿ ಉಗೀಬೇಕು, ಅದನ್ನ ಯಾರೂ ಹೇಳಿಲ್ಲ, ಬಾಯಲ್ಲಿ ಬಿಳೀ ಮಚ್ಚೆ ಬಂತು, ಇನ್ಹೇಲರ್ ಮೂಲೆ ಸೇರ್ತು. ಬದಲಾಯಿಸೋದು ಡಾಕ್ಟ್ರೇ, ನೀವೂ ಅಲ್ಲ ನಾನೂ ಅಲ್ಲ. ಆದ್ರೆ ಅವರಿಗೆ ಗೊತ್ತಾದ್ರೆ ತಾನೇ ಬದಲಾಯಿಸೋದು?

ಇಲ್ಲೇ ಇನ್ನೊಂದು, ಇದು ನಮ್ಮ ಕೌಂಟರಿನವರದೇ ತಪ್ಪು. ಅದೇ ಔಷಧಿ, ಕಂಪನಿ ಬೇರೆ. ಹೋದ ತಿಂಗಳು ಗುಂಡಗೆ ಬಿಳೀದಿತ್ತು, ಈ ತಿಂಗಳು ಉದ್ದಕ್ಕೆ ಗುಲಾಬಿ. ನಾವು ಏನೂ ಹೇಳದೇ ಕವರಿಗೆ ಹಾಕಿ ಕೊಡ್ತೀವಿ. ವಯಸ್ಸಾದೋರು ಮನೇಲಿ ಅದನ್ನ ತಿರುಗಿಸಿ ತಿರುಗಿಸಿ ನೋಡಿ, ಇದು ಬೇರೆ ಯಾರದ್ದೋ ಇರ್ಬೇಕು ಅಂತ ಪಕ್ಕಕ್ಕಿಡ್ತಾರೆ, ಇಲ್ಲಾಂದ್ರೆ ಹಳೇದೂ ಹೊಸದೂ ಎರಡೂ ನುಂಗ್ತಾರೆ. ಅಮೆರಿಕದಲ್ಲಿ ಹಾರ್ಟ್ ಅಟ್ಯಾಕ್ ಆದೋರ ಮೇಲೆ 2014ರಲ್ಲಿ ಬಂದ ಒಂದು ಸ್ಟಡಿ ಪ್ರಕಾರ ಮಾತ್ರೆಯ ಬಣ್ಣ ಬದಲಾದ್ಮೇಲೆ ಬಿಟ್ಟುಬಿಡೋ ಸಂಭವ 34 ಪರ್ಸೆಂಟ್ ಜಾಸ್ತಿ, ಆಕಾರ ಬದಲಾದ್ರೆ 66 ಪರ್ಸೆಂಟ್. ಮಕ್ಕಳೇ, ಫಾರ್ಮಸಿ ಓದ್ತಿರೋರು, ಇದನ್ನ ನೆನಪಿಟ್ಕೊಳ್ಳಿ. "ಕಂಪನಿ ಬದಲಾಗಿದೆ, ಔಷಧಿ ಅದೇ, ಹಳೇದು ಮುಗಿಸಿ ಇದನ್ನ ಶುರು ಮಾಡಿ" ಅನ್ನೋಕೆ ಐದು ಸೆಕೆಂಡ್ ಸಾಕು.

ದುಡ್ಡಿನ ವಿಷಯ. ಮಾತ್ರೆ ದುಬಾರಿ ಆದ್ರೆ ಜನ ದಿನ ಬಿಟ್ಟು ದಿನ ತಗೋತಾರೆ, ಇದು ಎಲ್ಲಾ ದೇಶದಲ್ಲೂ ಇದೆ, ಮತ್ತೆ ನಾಚಿಕೆಯಿಂದ ಯಾರೂ ಹೇಳಲ್ಲ. ಆದ್ರೆ ಬರೀ ದುಡ್ಡೇ ಅಂತಲೂ ಅಲ್ಲ. ಅಮೆರಿಕದ್ದೇ ಇನ್ನೊಂದು ಸ್ಟಡಿ, 2011ದು, ಹಾರ್ಟ್ ಅಟ್ಯಾಕ್ ಆದೋರಲ್ಲಿ ಒಂದು ಗುಂಪಿಗೆ ಮಾತ್ರೆ ಪೂರ್ತಿ ಫ್ರೀ ಮಾಡಿದ್ರು. ಮಾಮೂಲಿ ಗುಂಪಲ್ಲಿ ಮಾತ್ರೆಗೆ ತಕ್ಕ ಹಾಗೆ 36ರಿಂದ 49 ಪರ್ಸೆಂಟ್ ತಗೊಳ್ತಿದ್ರು, ಫ್ರೀ ಕೊಟ್ಟ ಗುಂಪಲ್ಲಿ 4ರಿಂದ 6 ಪಾಯಿಂಟ್ ಜಾಸ್ತಿ ಆಯ್ತು ಅಷ್ಟೇ. ಸಾವಿನ ಬಾಗಿಲು ತಟ್ಟಿ ಬಂದೋರು, ಮಾತ್ರೆ ಪುಕ್ಕಟೆ, ಆದ್ರೂ ಅರ್ಧ ದಾರಿ! ನಂಗೆ ಇದನ್ನ ಮೊದಲು ಓದಿದಾಗ ನಂಬೋಕಾಗ್ಲಿಲ್ಲ. ನಮ್ಮಪ್ಪನ ಡಬ್ಬಿ ನೋಡಿದ್ಮೇಲೆ ನಂಬಿದೆ.

ಈಗ ಕೇಳೋದು ಹೇಗೆ ಅನ್ನೋದಕ್ಕೆ ಬರೋಣ.

"ಸರಿಯಾಗಿ ತಗೋತಿದ್ದೀರಾ ತಾನೇ?" ಇದು ಪ್ರಶ್ನೆನೇ ಅಲ್ಲ, ಉತ್ತರ ಅದರೊಳಗೇ ಇದೆ. ಹೌದು ಅನ್ನದೇ ಇನ್ನೇನಂತಾರೆ? ಅದ್ರ ಬದಲು ನಾನು ಹೀಗೆ ಶುರು ಮಾಡ್ತೀನಿ: "ಇಷ್ಟೊಂದು ಮಾತ್ರೆ ಇದ್ರೆ ಯಾರಿಗಾದ್ರೂ ಒಂದೊಂದ್ಸಲ ತಪ್ಪೇ ತಪ್ಪತ್ತೆ, ಹೋದ ಏಳು ದಿನದಲ್ಲಿ ನಿಮಗೆ ಎಷ್ಟು ಸಲ ತಪ್ಪಿರ್ಬೋದು?" ತಪ್ಪೋದು ಸಹಜ ಅಂತ ನಾನೇ ಮೊದಲು ಹೇಳ್ಬಿಟ್ಟೆ, ಅವರಿಗೆ ಹೇಳೋಕೆ ದಾರಿ ಆಯ್ತು. ತಿಂಗಳ ಲೆಕ್ಕ ಕೇಳಿದ್ರೆ ಯಾರಿಗೂ ನೆನಪಿರಲ್ಲ, ಏಳು ದಿನ ನೆನಪಿರತ್ತೆ. ಅವರು "ಒಂದೆರಡು ಸಲ" ಅಂದ್ರೆ ಮುಖ ಗಂಟು ಹಾಕ್ಕೋಬೇಡಿ, ಹೇಳಿದ್ದು ಒಳ್ಳೇದಾಯ್ತು ಅನ್ನಿ. ಆಮೇಲೆ "ಇದರಲ್ಲಿ ನಿಮಗೆ ಇಷ್ಟವೇ ಆಗದ ಮಾತ್ರೆ ಯಾವ್ದು?" ಅಂತ ಕೇಳಿ. ಈ ಪ್ರಶ್ನೆ ಯಾವ ಪುಸ್ತಕದಲ್ಲೂ ನಾನು ನೋಡಿಲ್ಲ, ನಂದೇ, ಆದ್ರೆ ಕೈ ಕೊಟ್ಟಿದ್ದು ಕಮ್ಮಿ. ಬೆರಳು ಸೀದಾ ಒಂದು ಸ್ಟ್ರಿಪ್ ಮೇಲೆ ಹೋಗತ್ತೆ.

(ಇಲ್ಲಿ ಒಬ್ಬರು ನರ್ಸು ಎದ್ದು ನಿಂತು ಕೇಳಿದ್ರು: "ಮೇಡಂ, ಹೊರಗೆ ಅಷ್ಟುದ್ದ ಕ್ಯೂ ಇರತ್ತೆ, ಇದಕ್ಕೆಲ್ಲ ಟೈಮ್ ಎಲ್ಲಿದೆ?")

ನಿಜ ಸಿಸ್ಟರ್, ಒಪ್ತೀನಿ. ಎಲ್ಲರಿಗೂ ಎಲ್ಲಾ ಕೇಳೋಕಾಗಲ್ಲ. ಡೋಸ್ ಏರಿಸೋ ಮೊದಲು ಕೇಳಿ, ಅಷ್ಟಾದ್ರೂ. ರೀಡಿಂಗ್ ಸರಿ ಇರೋರನ್ನ ಬಿಡಿ, ಯಾರಿಗೆ ಎರಡು ಮೂರು ಸಲದಿಂದ ಏರ್ತಾನೇ ಇದೆಯೋ ಅವರನ್ನ ಮಾತ್ರ ಹಿಡೀರಿ. ಅರ್ಧ ನಿಮಿಷದ ಕೆಲಸ, ಅದು ಉಳಿಸೋದು ಒಂದು ಅಡ್ಮಿಶನ್. ಇನ್ನೊಂದು, ಚೆಕಪ್ ದಿನದ ರೀಡಿಂಗನ್ನೇ ಪೂರ್ತಿ ನಂಬಬೇಡಿ. ಡಾಕ್ಟ್ರನ್ನ ನೋಡೋ ಹಿಂದಿನ ಐದು ದಿನ, ನೋಡಿದ್ಮೇಲಿನ ಐದು ದಿನ ಜನ ಶ್ರದ್ಧೆಯಿಂದ ತಗೋತಾರೆ, ಆಮೇಲೆ ಸಡಿಲ ಆಗತ್ತೆ. ಪರೀಕ್ಷೆ ಹಿಂದಿನ ರಾತ್ರಿ ಓದಿದ ಹಾಗೆ. ಇದಕ್ಕೆ ಡಾಕ್ಟ್ರ ಬಿಳಿ ಕೋಟಿನ ಹೆಸರೇ ಇಟ್ಟಿದ್ದಾರೆ ನಮ್ಮೋರು, "ವೈಟ್ ಕೋಟ್ ಅಡ್ಹೀರೆನ್ಸ್" ಅಂತ. ಮನೇಲಿರೋ ಔಷಧಿನೆಲ್ಲ, ಹಳೇದು, ಅರ್ಧ ಆಗಿರೋದು, ಯಾರೋ ಹೇಳಿದ್ರು ಅಂತ ತಂದಿದ್ದು, ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ ಅಂತ ಹೇಳಿ, ಆ ಚೀಲ ಟೇಬಲ್ ಮೇಲೆ ಸುರಿದ್ರೆ ಅರ್ಧ ಕಥೆ ಅದೇ ಹೇಳತ್ತೆ.

ಕಾರಣ ಗೊತ್ತಾದ್ಮೇಲೆ ಉಪಾಯ ಸುಲಭ. ಎಲ್ಲಕ್ಕಿಂತ ದೊಡ್ಡ ಉಪಾಯ ಅಂದ್ರೆ ಸಂಖ್ಯೆ ಕಮ್ಮಿ ಮಾಡೋದು. ಬಾಟಲಿ ಮುಚ್ಚಳಕ್ಕೇ ಚಿಪ್ ಹಾಕಿ, ಯಾವಾಗ ತೆಗೆದ್ರು ಅಂತ ಗುರುತು ಹಾಕ್ಕೊಳ್ಳೋ ಸ್ಟಡಿಗಳಿವೆ, ಅಂಥ 76 ಸ್ಟಡಿ ಒಟ್ಟು ಹಾಕಿ 2001ರಲ್ಲಿ ಲೆಕ್ಕ ತೆಗೆದ್ರು. ದಿನಕ್ಕೆ ಒಂದ್ಸಲದ ಡೋಸ್ 79 ಪರ್ಸೆಂಟ್ ಸರಿ ತಗೋತಾರೆ, ಎರಡು ಸಲ ಆದ್ರೆ 69, ಮೂರು ಸಲಕ್ಕೆ 65, ನಾಲ್ಕು ಸಲಕ್ಕೆ 51. ಹಾಗಾಗಿ "ಡಾಕ್ಟ್ರೇ, ಇದನ್ನ ದಿನಕ್ಕೆ ಒಂದ್ಸಲ ಮಾಡೋಕಾಗತ್ತಾ? ಎರಡು ಸೇರಿ ಒಂದೇ ಮಾತ್ರೆ ಸಿಗತ್ತಾ?" ಅಂತ ಕೇಳೋಕೆ ಹಿಂಜರೀಬೇಡಿ. ಹಾರ್ಟ್ ಅಟ್ಯಾಕ್ ಆದೋರಿಗೆ ಆಸ್ಪಿರಿನ್, ರಾಮಿಪ್ರಿಲ್, ಸ್ಟ್ಯಾಟಿನ್ ಮೂರೂ ಒಂದೇ ಗುಳಿಗೇಲಿ ಕೊಟ್ಟು ನೋಡಿದ ಸೆಕ್ಯೂರ್ ಅನ್ನೋ ಸ್ಟಡಿ 2022ರಲ್ಲಿ ಬಂತು. ಹೃದಯದಿಂದ ಸಾವು, ಮತ್ತೆ ಅಟ್ಯಾಕು, ಸ್ಟ್ರೋಕು, ತುರ್ತಾಗಿ ರಕ್ತನಾಳ ತೆರೆಸ್ಬೇಕಾಗಿ ಬರೋದು, ಇದೆಲ್ಲ ಸೇರಿಸಿದ್ರೆ ಬಿಡಿ ಮಾತ್ರೆಯವರಲ್ಲಿ 12.7 ಪರ್ಸೆಂಟ್, ಒಂದೇ ಗುಳಿಗೆಯವರಲ್ಲಿ 9.5. ಔಷಧಿ ಹೊಸದೇನಲ್ಲ, ಪ್ಯಾಕಿಂಗ್ ಬದಲಾಯ್ತು ಅಷ್ಟೇ.

ನಮ್ಮಪ್ಪಂದೂ ಹಾಗೇ ಆಯ್ತು. ಡಾಕ್ಟ್ರಿಗೆ ಡಬ್ಬಿ ಸಮೇತ ತೋರಿಸಿದೆ. ಅವರು ಬೈಲಿಲ್ಲ, "ಇದನ್ನ ಮೊದಲೇ ತಂದಿದ್ರೆ" ಅಂತ ನಕ್ಕರು. ನಾಲ್ಕು ಹೋಗಿ ಎರಡು ಉಳೀತು. ನೀರಿನ ಮಾತ್ರೆ ಹೊರಗೆ ಹೋಗಿ ಬಂದ್ಮೇಲೆ ತಗೊಳ್ಳಿ, ಸಂಜೆ ಮಾತ್ರ ಬೇಡ, ರಾತ್ರಿಯೆಲ್ಲ ಏಳ್ಬೇಕಾಗತ್ತೆ ಅಂದ್ರು. ಈ ಒಂದು ಮಾತನ್ನ ಮೂರು ವರ್ಷದ ಹಿಂದೆ ಕೌಂಟರಲ್ಲಿ ನಾನೇ ಹೇಳ್ಬೋದಿತ್ತು.

ನಿಜವಾಗ್ಲೂ ಮರೆವಿರೋರಿಗೆ, ದಿನಾ ತಪ್ಪದೇ ಮಾಡೋ ಯಾವ್ದಾದ್ರೂ ಕೆಲಸಕ್ಕೆ ಮಾತ್ರೇನ ಗಂಟು ಹಾಕಿ. ಹಲ್ಲುಜ್ಜೋ ಬ್ರಷ್ ಪಕ್ಕ, ಕನ್ನಡಕದ ಬಾಕ್ಸ್ ಪಕ್ಕ. ಅಲಾರಂಗಿಂತ ಇದು ಮೇಲು ಅಂತ ನನ್ನ ಅನುಭವ, ಅಲಾರಂ ಹೊಡೆದಾಗ ನೀವು ಅಡುಗೆ ಮನೇಲಿರ್ತೀರಿ, ಮಾತ್ರೆ ರೂಮಲ್ಲಿರತ್ತೆ, ಆಫ್ ಮಾಡ್ತೀರಿ, ಮುಗೀತು. ವಾರದ ಡಬ್ಬಿ ಒಳ್ಳೇದೇ, ತಗೊಂಡ್ನೋ ಇಲ್ವೋ ಅನ್ನೋ ಅನುಮಾನ ಹೋಗತ್ತೆ, ಆದ್ರೆ ಎಲ್ಲಾನೂ ಅದಕ್ಕೆ ಹಾಕೋ ಹಾಗಿಲ್ಲ. ನಾಲಿಗೆ ಕೆಳಗೆ ಇಡೋ ನೈಟ್ರೊಗ್ಲಿಸರಿನ್, ರಕ್ತ ತೆಳು ಮಾಡೋ ಡಬಿಗಟ್ರಾನ್ ಇವು ತಮ್ಮ ಮೂಲ ಪ್ಯಾಕಲ್ಲೇ ಇರ್ಬೇಕು, ಇಲ್ಲಾಂದ್ರೆ ಕೆಡತ್ತೆ. ಕೀಲುವಾತಕ್ಕೆ ಕೊಡೋ ಮೆಥೊಟ್ರೆಕ್ಸೇಟ್ ಇದೆಯಲ್ಲ, ಅದು ವಾರಕ್ಕೆ ಒಂದೇ ದಿನ. ಅದನ್ನ ದಿನಾ ತಗೊಂಡು ಜೀವ ಹೋಗಿರೋ ಉದಾಹರಣೆಗಳಿವೆ. ವಾರದಲ್ಲಿ ಯಾವ ದಿನ ಅಂತ ಚೀಟಿ ಮೇಲೆ ದೊಡ್ಡದಾಗಿ, ಅಕ್ಷರದಲ್ಲಿ ಬರೆಸ್ಕೊಳ್ಳಿ.

ಥೈರಾಯ್ಡ್ ಮಾತ್ರೆಯೋರು ಕೈ ಎತ್ತಿ ನೋಡೋಣ. ಅಬ್ಬಾ, ಇಷ್ಟು ಜನ! ಬೆಳಿಗ್ಗೆ ಖಾಲಿ ಹೊಟ್ಟೇಲಿ, ಬರೀ ನೀರಲ್ಲಿ, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ, ಕಾಫಿನೂ ಸೇರಿ. ಕ್ಯಾಲ್ಸಿಯಂ, ಐರನ್ ಮಾತ್ರೆ ಇದ್ರೆ ನಾಲ್ಕು ಗಂಟೆ ಅಂತರ. ದಿನಾ ತಗೋತೀನಿ, ಟಿಎಸ್ಎಚ್ (ಥೈರಾಯ್ಡ್ ರಕ್ತಪರೀಕ್ಷೆಯ ನಂಬರ್) ಇಳೀತಿಲ್ಲ ಅನ್ನೋರಲ್ಲಿ ಕ್ಯಾಲ್ಸಿಯಂ ಜೊತೇಲೇ ನುಂಗೋರನ್ನ ಬಹಳ ನೋಡಿದ್ದೀನಿ.

ಒಂದ್ಸಲ ತಪ್ಪಿದ್ರೆ? ಸಾಮಾನ್ಯವಾಗಿ, ಬೇಗ ನೆನಪಾದ್ರೆ ತಗೊಳ್ಳಿ, ಮುಂದಿನ ಡೋಸ್ ಹತ್ರ ಬಂದಿದ್ರೆ ಬಿಟ್ಬಿಡಿ, ತಪ್ಪಿದ್ದಕ್ಕೆ ಸೇರಿಸಿ ಎರಡು ನುಂಗಬೇಡಿ. ಇನ್ಸುಲಿನ್, ರಕ್ತ ತೆಳು ಮಾಡೋದು, ಫಿಟ್ಸ್ ಮಾತ್ರೆ ಇವಕ್ಕೆ ಬೇರೆ ಬೇರೆ ನಿಯಮ ಇರತ್ತೆ, ತಪ್ಪೋ ಮೊದಲೇ ಕೇಳಿ ಬರೆದಿಟ್ಕೊಳ್ಳಿ. ಮತ್ತೆ ಕೆಲವನ್ನ ಸಿಟ್ಟು ಬಂತು ಅಂತ ಒಂದೇ ಸಲ ನಿಲ್ಲಿಸೋ ಹಾಗೇ ಇಲ್ಲ. ಬಿಪಿಗೆ, ಹಾರ್ಟಿಗೆ ಕೊಡೋ ಮೆಟೊಪ್ರೊಲಾಲ್ ಥರದ್ದು ನಿಲ್ಲಿಸಿದ್ರೆ ಎದೆಬಡಿತ ಏರಿ ಎದೆನೋವು ಬರ್ಬೋದು, ಕ್ಲೊನಿಡಿನ್ ನಿಲ್ಲಿಸಿದ್ರೆ ಬಿಪಿ ಚಿಮ್ಮತ್ತೆ, ಬಹಳ ದಿನದಿಂದ ತಗೊಳ್ತಿರೋ ಸ್ಟೀರಾಯ್ಡ್ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ, ಸ್ಟೆಂಟ್ ಹಾಕಿದ್ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಮಾತ್ರೆ ಬಿಟ್ರೆ ಸ್ಟೆಂಟೇ ಕಟ್ಕೋಬೋದು. ಬಿಡ್ಬೇಕು ಅನ್ನಿಸಿದ್ರೆ ಬಿಡೋ ಮೊದಲು ಒಂದು ಫೋನ್ ಮಾಡಿ, ಬಿಟ್ಟ ಮೇಲಲ್ಲ.

ಆಮೇಲೆ ಮನಸ್ಸು. ಖಿನ್ನತೆ ಇರೋ ರೋಗಿಗಳು ವೈದ್ಯರ ಸಲಹೆ ಬಿಡೋ ಸಂಭವ ಮೂರು ಪಟ್ಟು ಅಂತ 2000ನೇ ಇಸವಿಯಲ್ಲೇ ಲೆಕ್ಕ ಬಂದಿದೆ. ಬದುಕೇ ಬೇಡ ಅನ್ನಿಸ್ತಿರೋರಿಗೆ ಬಿಪಿ ಮಾತ್ರೆ ಯಾಕೆ ನೆನಪಾಗತ್ತೆ ಹೇಳಿ. ಊಟ, ನಿದ್ದೆ, ಮಾತು ಕಮ್ಮಿ ಆಗಿದೆಯಾ ನೋಡಿ, ಹಾಗಿದ್ರೆ ಮೊದಲು ಅದಕ್ಕೆ ಚಿಕಿತ್ಸೆ.

ಪ್ರಶ್ನೆಗಳಿಗೆ ಟೈಮ್ ಇದೆ ಅಂತಿದ್ದಾರೆ, ಹೇಳಿ.

(ಮಧ್ಯದ ಸಾಲಿಂದ ಒಬ್ಬ ಹೆಣ್ಣುಮಗಳು: "ನಮ್ಮತ್ತೆಗೆ ಮಾತ್ರೆ ಕೊಟ್ರೆ ನುಂಗಿದ ಹಾಗೆ ಮಾಡಿ, ನಾನು ಆ ಕಡೆ ಹೋದ್ಮೇಲೆ ಹೂವಿನ ಕುಂಡಕ್ಕೆ ಹಾಕ್ತಾರೆ. ಪುಡಿ ಮಾಡಿ ಅವರಿಗೆ ಹೇಳದೇ ಊಟದಲ್ಲಿ ಬೆರೆಸ್ಬೋದಾ?")

ಬೇಡಮ್ಮ. ಒಂದು, ನಿಧಾನವಾಗಿ ಕರಗೋ ಮಾತ್ರೆ ಪುಡಿ ಮಾಡಿದ್ರೆ ಇಡೀ ದಿನದ ಔಷಧಿ ಒಂದೇ ಏಟಿಗೆ ಒಳಗೆ ಹೋಗತ್ತೆ, ಹೊಟ್ಟೇಲಿ ಕರಗದ ಹಾಗೆ ಕೋಟಿಂಗ್ ಇರೋ ಮಾತ್ರೇನೂ ಹಾಗೇ ಹಾಳಾಗತ್ತೆ. ಎರಡನೇದು, ಒಂದು ದಿನ ಅವರಿಗೆ ಗೊತ್ತಾದ್ರೆ ಮಾತ್ರೆ ಅಷ್ಟೇ ಅಲ್ಲ, ನಿಮ್ಮ ಕೈಯಿಂದ ಊಟಾನೂ ಬಿಡ್ತಾರೆ. ತೀರಾ ಅರುಳು ಮರುಳಾಗಿರೋರ ವಿಷಯ ಬೇರೆ, ಅದನ್ನೂ ಡಾಕ್ಟ್ರ ಹತ್ರ ಕೂತು ಮಾತಾಡಿನೇ ಮಾಡ್ಬೇಕು. ನಿಮ್ಮತ್ತೆಗೆ ಬುದ್ಧಿ ಚುರುಕಾಗೇ ಇದೆ, ಕುಂಡಕ್ಕೆ ಹಾಕೋ ಉಪಾಯ ಹೊಳೆದಿದೆ ಅಂದ್ಮೇಲೆ. (ನಗು.) ಯಾಕೆ ಹಾಕ್ತಾರೆ ಅಂತ ಕೇಳಿದ್ದೀರಾ?

("ಇಲ್ಲ ಮೇಡಂ." ಸ್ವಲ್ಪ ಹೊತ್ತು ಸುಮ್ಮನಿದ್ದು, ಪಕ್ಕದಲ್ಲಿ ಕೂತಿದ್ದ ವಯಸ್ಸಾದೋರ ಕಡೆ ತಿರುಗಿದ್ರು. ಅತ್ತೆನೂ ಜೊತೇಲೇ ಬಂದಿದ್ದಾರೆ ಅಂತ ನಂಗೆ ಆಗಲೇ ಗೊತ್ತಾಗಿದ್ದು. ಅವರು ಮೈಕ್ ಬೇಡ ಅಂತ ಕೈ ಆಡಿಸಿ, ಕೂತಲ್ಲಿಂದಲೇ ಹೇಳಿದ್ರು: "ಆ ಕ್ಯಾಪ್ಸೂಲು ಗಂಟಲಲ್ಲಿ ಸಿಕ್ಕಾಕ್ಕೊಳ್ಳತ್ತಮ್ಮ. ಹೆದರಿಕೆ ಆಗತ್ತೆ.")

ಎಷ್ಟು ದಿನದಿಂದ ಹೀಗೆ ಅಮ್ಮಾ? ಊಟ, ನೀರು ನುಂಗೋವಾಗಲೂ ಸಿಕ್ಕಾಕ್ಕೊಳ್ಳತ್ತಾ? ಇಲ್ಲ, ಬರೀ ಕ್ಯಾಪ್ಸೂಲು, ಅಲ್ವಾ. ನೋಡಿ, ನಾವೆಲ್ಲ ನುಂಗೋವಾಗ ತಲೆ ಹಿಂದಕ್ಕೆ ಎತ್ತಿಬಿಡ್ತೀವಿ. ಕ್ಯಾಪ್ಸೂಲು ಹಗುರ, ನೀರಲ್ಲಿ ತೇಲತ್ತೆ, ತಲೆ ಹಿಂದಕ್ಕೆ ಎತ್ತಿದ್ರೆ ಹಲ್ಲಿನ ಕಡೆ ತೇಲಿ ಬಂದು ನಿಲ್ಲತ್ತೆ. ಅದನ್ನ ನಾಲಿಗೆ ಮೇಲಿಟ್ಟು, ಒಂದು ಗುಟುಕು ನೀರು ಬಾಯಿಗೆ ತಗೊಂಡು, ಗಲ್ಲ ಎದೆ ಕಡೆ ಬಗ್ಗಿಸಿ ನುಂಗಿ. ಆಗ ಅದು ಗಂಟಲ ಕಡೆ ತೇಲತ್ತೆ. ಯಾರಾದ್ರೂ ಅಮ್ಮಂಗೆ ಒಂದು ಲೋಟ ನೀರು ಕೊಡ್ತೀರಾ? ಮಧ್ಯಾಹ್ನದ ಕ್ಯಾಪ್ಸೂಲು ಬ್ಯಾಗಲ್ಲಿದೆಯಂತೆ.